ಸಬ್ಸಿಗೆ ಸೊಪ್ಪು, ಚೀಸ್ ಹಾಕಿದ ಖಾರ ಬ್ರೆಡ್ ಮನೆಯಲ್ಲೇ: ಕೆಡೋದು ಎಲ್ಲಿ? ಮಾರೋದಾದ್ರೆ ಏನು ಗೊತ್ತಿರಬೇಕು?

ನಂಜನಗೂಡು/ತಿ.ನರಸೀಪುರ: ಸಂಜೆ ಹೊತ್ತು ಬೇಕರಿ ಮುಂದೆ ನಿಂತು, ಖಾರ ಬನ್ ಮಧ್ಯಕ್ಕೆ ಕುಯ್ಯಿಸಿ ಬೆಣ್ಣೆ ಹಚ್ಚಿಸಿಕೊಂಡು ತಿನ್ನೋದು ಎರಡೂ ಊರಿನವರಿಗೆ ಹೊಸದೇನಲ್ಲ. ಮೊಬೈಲ್ ವಿಡಿಯೊಗಳಲ್ಲಿ ‘ಹರ್ಬ್ ಅಂಡ್ ಚೀಸ್ ಬ್ರೆಡ್’ ಅಂತ ತೋರಿಸೋದು ಹೆಚ್ಚೂಕಮ್ಮಿ ಅದರ ಅಣ್ಣತಮ್ಮನೇ. ಹಿಟ್ಟಿಗೆ ಯೀಸ್ಟ್, ಅದರೊಳಗೆ ಘಮಘಮ ಅನ್ನೋ ಸೊಪ್ಪು, ಮೇಲೆ ಸ್ವಲ್ಪ ಚೀಸ್. ಅಷ್ಟೇ.

ಆದ್ರೂ ವಿಡಿಯೊ ನೋಡಿ ಮನೆಯಲ್ಲಿ ಮಾಡಿದವರಲ್ಲಿ ಎಷ್ಟೋ ಜನರಿಗೆ ಮೊದಲ ಸಲ ಬ್ರೆಡ್ ಬದಲು ಇಟ್ಟಿಗೆ ಬರುತ್ತೆ. ಇಲ್ಲವೇ ಮೇಲೆಲ್ಲ ಕೆಂಪಗೆ ಚೆನ್ನಾಗಿ ಕಾಣುತ್ತೆ, ಕುಯ್ದರೆ ಒಳಗೆ ಹಸಿ ಹಿಟ್ಟು. ವಿಡಿಯೊದಲ್ಲಿ ಹೇಳಿದ ರೋಸ್‌ಮರಿ, ಥೈಮ್ ಸಿಗಲಿಲ್ಲ, ಅದಕ್ಕೇ ಹೀಗಾಯ್ತು ಅಂದುಕೊಳ್ಳೋರೂ ಇದ್ದಾರೆ. ಕಾರಣ ಅದಲ್ಲ. ಬ್ರೆಡ್ ಕೆಡೋದು ಹೆಚ್ಚಾಗಿ ಎರಡೇ ವಿಷಯಕ್ಕೆ: ಒಂದು ನೀರು, ಇನ್ನೊಂದು ಬಿಸಿ. ಮನೆಯಲ್ಲಿ ಮಾಡಿ ಅಕ್ಕಪಕ್ಕದವರಿಗೆ, ಅಂಗಡಿಗೆ ಕೊಡಬೇಕು ಅಂದುಕೊಂಡವರಿಗೆ ಮೂರನೆಯದೂ ಇದೆ. ಸೊಪ್ಪು, ಪನೀರ್ ಹಾಕಿದ ಬ್ರೆಡ್ ಸಾದಾ ಬ್ರೆಡ್‌ನಷ್ಟು ದಿನ ಬಾಳಲ್ಲ. ಒಂದು ಸಲ ಹಳಸಿದ ಬ್ರೆಡ್ ಕೊಟ್ಟರೆ ಸಣ್ಣ ಊರಲ್ಲಿ ಆ ಮಾತು ಬಸ್ ಸ್ಟ್ಯಾಂಡ್ ತನಕ ಹೋಗುತ್ತೆ.

ನಮ್ಮ ಖಾರ ಬ್ರೆಡ್ ಎಲ್ಲಿಂದ ಬಂತು?

ಕರ್ನಾಟಕದಲ್ಲಿ ಖಾರ ಬನ್, ಖಾರ ಬ್ರೆಡ್ ಅಂದ್ರೆ ಮೊದಲು ನೆನಪಾಗೋದು ಅಯ್ಯಂಗಾರ್ ಬೇಕರಿ. ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬೆಂಗಳೂರು ಬ್ರದರ್ಸ್ ಬೇಕರಿ, ಅಂದ್ರೆ ಬಿ.ಬಿ. ಬೇಕರಿ, ಈ ಪರಂಪರೆಯ ಮೊದಲ ಅಂಗಡಿ ಅಂತ ಹೆಸರಾಗಿದೆ. ಆಮೇಲೆ ಹಾಸನ ಸೀಮೆಯ ಎಷ್ಟೋ ಕುಟುಂಬಗಳು ಇದೇ ಕಸುಬು ಹಿಡಿದು ರಾಜ್ಯದ ಊರೂರಿಗೆ ಹೋದವು.

ಬ್ರೆಡ್ ಮಾಡೋ ವಿದ್ಯೆ ಆಂಗ್ಲರ ಕಾಲದಲ್ಲಿ ಬಂದದ್ದು. ಆದರೆ ಮೊಟ್ಟೆ ಬಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಸಬ್ಸಿಗೆ ಸೊಪ್ಪು ಹಾಕಿ ಅದನ್ನ ಇಲ್ಲಿನ ನಾಲಿಗೆಗೆ ಒಗ್ಗಿಸಿದ್ದು ಇಲ್ಲಿಯವರೇ. ಹಾಗಾಗಿ ಸೊಪ್ಪು ಹಾಕಿದ ಬ್ರೆಡ್ ಮಾಡೋಕೆ ಮಾಲ್‌ಗೆ ಹೋಗಬೇಕಿಲ್ಲ. ಸಂತೆಗೆ ಹೋದರೆ ಸಾಕು.

ಏನೇನು ಬೇಕು?

ಒಂದು ಸಾಧಾರಣ ಬ್ರೆಡ್ ಟಿನ್‌ಗೆ (8 ಇಂಚು ಉದ್ದ, 4 ಇಂಚು ಅಗಲ) ಇಷ್ಟು ಸಾಕು:

- ಮೈದಾ 300 ಗ್ರಾಂ (ಬೇಕಾದರೆ 250 ಗ್ರಾಂ ಮೈದಾ, 50 ಗ್ರಾಂ ಗೋಧಿ ಹಿಟ್ಟು)
- ಇನ್‌ಸ್ಟಂಟ್ ಡ್ರೈ ಯೀಸ್ಟ್ ಒಂದೂವರೆ ಟೀ ಚಮಚ, ಸುಮಾರು 5 ಗ್ರಾಂ
- ಸಕ್ಕರೆ 2 ಟೀ ಚಮಚ
- ಉಪ್ಪು 1 ಟೀ ಚಮಚ (ಚೀಸ್ ಹಾಕೋದಾದರೆ ಮುಕ್ಕಾಲು ಚಮಚ)
- ಉಗುರು ಬೆಚ್ಚಗಿನ ನೀರು 160ರಿಂದ 180 ಎಂ.ಎಲ್.
- ಎಣ್ಣೆ ಅಥವಾ ಬೆಣ್ಣೆ 25 ಗ್ರಾಂ
- ಸಬ್ಸಿಗೆ, ಕೊತ್ತಂಬರಿ ಸೇರಿ ಹೆಚ್ಚಿದ ಸೊಪ್ಪು 40 ಗ್ರಾಂ, ಅಂದ್ರೆ ಎರಡು ಹಿಡಿ
- ಈರುಳ್ಳಿ 1, ಹಸಿಮೆಣಸಿನಕಾಯಿ 2 ಅಥವಾ 3, ಕರಿಬೇವು ಒಂದು ಎಸಳು
- ತುರಿದ ಚೀಸ್ ಅಥವಾ ಪುಡಿ ಮಾಡಿದ ಪನೀರ್ 75 ಗ್ರಾಂ

ಮನೆಯಲ್ಲಿ ತಕ್ಕಡಿ ಇಲ್ಲದವರು ಒಂದು ಸಲ ಪರಿಚಯದ ದಿನಸಿ ಅಂಗಡಿಯಲ್ಲಿ 300 ಗ್ರಾಂ ಹಿಟ್ಟು ತೂಗಿಸಿ, ಅದು ಮನೆಯ ಯಾವ ಲೋಟದಲ್ಲಿ ಎಷ್ಟಾಗುತ್ತೆ ಅಂತ ಗುರುತು ಮಾಡಿಕೊಳ್ಳಬಹುದು. ‘ಕಪ್’ ಅಳತೆ ಒಬ್ಬೊಬ್ಬರದು ಒಂದೊಂದು ಥರ. ಅರ್ಧ ತಪ್ಪು ಅಲ್ಲೇ ಆಗೋದು.

ಯೀಸ್ಟ್‌ಗೆ ಜೀವ ಇದೆ

ಯೀಸ್ಟ್ ಪುಡಿಯಲ್ಲ, ಒಣಗಿಸಿದ ಸೂಕ್ಷ್ಮ ಜೀವಿ. ನೀರು, ಸಕ್ಕರೆ, ಹದವಾದ ಬಿಸಿ ಸಿಕ್ಕರೆ ಎದ್ದು ಕೆಲಸ ಶುರು ಮಾಡುತ್ತೆ. ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಗಾಳಿ ಬಿಡುತ್ತೆ. ಆ ಗಾಳಿ ಹಿಟ್ಟಿನಲ್ಲಿ ಸಿಕ್ಕಿಕೊಂಡಾಗ ಬ್ರೆಡ್ ಉಬ್ಬುತ್ತೆ.

ಇದಕ್ಕೆ ಬೇಕಾದ ಬಿಸಿ 35ರಿಂದ 40 ಡಿಗ್ರಿ. ಬೆರಳಿಟ್ಟರೆ ಬೆಚ್ಚಗಿದೆ ಅನ್ನಿಸಬೇಕು, ಸುಡಬಾರದು. ಮಗುವಿಗೆ ಸ್ನಾನಕ್ಕೆ ಹದ ಮಾಡೋ ನೀರಿನ ಲೆಕ್ಕ. 55–60 ಡಿಗ್ರಿ ಆಸುಪಾಸಿಗೆ ಹೋದರೆ ಯೀಸ್ಟ್ ಸತ್ತೇ ಹೋಗುತ್ತೆ. ಆಮೇಲೆ ಎರಡು ಗಂಟೆ ಕಾದರೂ ಹಿಟ್ಟು ಅಲ್ಲಾಡಲ್ಲ.

ಪ್ಯಾಕೆಟ್ ಹಳೆಯದೋ ಏನೋ ಅನ್ನೋ ಅನುಮಾನ ಇದ್ದರೆ ಪರೀಕ್ಷೆ ಸುಲಭ. ಕಾಲು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಮೇಲೆ ನೊರೆ ಕಟ್ಟಿದರೆ ಜೀವ ಇದೆ. ನೀರು ಹಾಗೇ ಕೂತಿದ್ದರೆ ಆ ಪ್ಯಾಕೆಟ್ ಕಸಕ್ಕೆ. ಹಿಟ್ಟು, ಚೀಸ್ ಹಾಳು ಮಾಡಿಕೊಳ್ಳೋದಕ್ಕಿಂತ ಇದು ಅಗ್ಗ.

ಕಾಲಮಾನವೂ ಮುಖ್ಯ. ಚಳಿಗಾಲದಲ್ಲಿ ದೋಸೆ ಹಿಟ್ಟು ಬೆಳಗಾದರೂ ಉಬ್ಬದೆ ಇರೋದು ಎಲ್ಲರಿಗೂ ಗೊತ್ತು. ಇದೂ ಹಾಗೇ. ಏಪ್ರಿಲ್ ಬಿಸಿಲಲ್ಲಿ 45 ನಿಮಿಷಕ್ಕೆ ಆಗೋ ಕೆಲಸಕ್ಕೆ ಡಿಸೆಂಬರ್ ಬೆಳಗ್ಗೆ ಎರಡು ಗಂಟೆ ಬೇಕಾಗಬಹುದು. ಅದಕ್ಕೇ ಗಡಿಯಾರ ನೋಡಬಾರದು, ಹಿಟ್ಟು ನೋಡಬೇಕು. ಒಂದಕ್ಕೆ ಎರಡಷ್ಟಾದರೆ ಸಾಕು.

ಹಿಟ್ಟಿನ ಹದ: ಚಪಾತಿಗೂ ಹೋಳಿಗೆಗೂ ನಡುವೆ

ಗೋಧಿಯಲ್ಲಿ ಇರೋ ಪ್ರೋಟೀನ್ ನೀರು ಸೇರಿಸಿ ನಾದಿದಾಗ ಗ್ಲುಟೆನ್ ಅನ್ನೋ ಜಿಗುಟು ಬಲೆ ಆಗುತ್ತೆ. ಯೀಸ್ಟ್ ಬಿಟ್ಟ ಗಾಳಿಯನ್ನ ಹಿಡಿದಿಡೋದು ಆ ಬಲೆಯೇ. ಮೈದಾ ಪ್ಯಾಕೆಟ್ ಹಿಂದೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಅಂತ ಬರೆದಿರುತ್ತೆ. ಎರಡು ಬ್ರಾಂಡ್ ಇದ್ದರೆ ಪ್ರೋಟೀನ್ ಹೆಚ್ಚಿರೋದನ್ನ ತಗೊಳ್ಳಿ.

ರಾಗಿ ಹಿಟ್ಟು ಹಾಕಬಹುದಾ? ಹಾಕಬಹುದು, ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ. ಐದರಲ್ಲಿ ಒಂದು ಪಾಲು, ಅಂದ್ರೆ 300 ಗ್ರಾಂನಲ್ಲಿ 60 ಗ್ರಾಂ ದಾಟಿದರೆ ಬ್ರೆಡ್ ಗಟ್ಟಿಯಾಗುತ್ತೆ, ಉದುರುತ್ತೆ. ಪೂರ್ತಿ ರಾಗಿಯಲ್ಲಿ ಮುದ್ದೆ ಆಗುತ್ತೆ, ಬ್ರೆಡ್ ಆಗಲ್ಲ.

ಹಿಟ್ಟಿನ ಹದ ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಹೋಳಿಗೆ ಕಣಕಕ್ಕಿಂತ ಒಂಚೂರು ಗಟ್ಟಿ ಇರಬೇಕು. ಶುರುವಿನಲ್ಲಿ ಕೈಗೆ ಅಂಟುತ್ತೆ. ಅಂಟಿತು ಅಂತ ಮೈದಾ ಸುರೀತಾ ಹೋಗಬಾರದು. ಹತ್ತು–ಹನ್ನೆರಡು ನಿಮಿಷ ನಾದಿದರೆ ತಾನೇ ಬಿಡುತ್ತೆ. ಸಣ್ಣ ಉಂಡೆ ತೆಗೆದು ಎರಡೂ ಕೈಯಲ್ಲಿ ಎಳೆದರೆ ಹರಿಯದೆ ತೆಳ್ಳಗೆ ಪರದೆ ಥರ ಬರಬೇಕು. ಬಂದರೆ ನಾದಿದ್ದು ಸಾಕು.

ಸೊಪ್ಪು ಬಿಡೋ ನೀರು: ಅರ್ಧ ಬ್ರೆಡ್ ಕೆಡೋದೇ ಇಲ್ಲಿ

ಸಾದಾ ಬ್ರೆಡ್ ಸರಿಯಾಗಿ ಬಂದವರಿಗೂ ಸೊಪ್ಪಿನ ಬ್ರೆಡ್ ಕೈ ಕೊಡೋದು ಇದಕ್ಕೇ. ಸಬ್ಸಿಗೆ, ಕೊತ್ತಂಬರಿ, ಈರುಳ್ಳಿ ಎಲ್ಲದರಲ್ಲೂ ತುಂಬಾ ನೀರಿದೆ. ಕೋಸಂಬರಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ನೀರು ನಿಲ್ಲಲ್ವಾ? ಹಿಟ್ಟಿನಲ್ಲಿರೋ ಉಪ್ಪೂ ಅದನ್ನೇ ಮಾಡುತ್ತೆ. ನಾದಿದಾಗ ಹದವಾಗಿದ್ದ ಹಿಟ್ಟು ಒಂದು ಗಂಟೆ ಆದ್ಮೇಲೆ ನೀರಾಡುತ್ತೆ. ಬೇಯಿಸಿದಾಗ ಮಧ್ಯದಲ್ಲಿ ಹಸಿ ಉಳಿಯುತ್ತೆ.

ಮಾಡಬೇಕಾದ್ದು ಇಷ್ಟು:

- ಸೊಪ್ಪನ್ನ ತೊಳೆದ ತಕ್ಷಣ ಹೆಚ್ಚಬಾರದು. ಬಟ್ಟೆ ಮೇಲೆ ಹರಡಿ ಅರ್ಧ ಗಂಟೆ ಆರಿಸಬೇಕು.
- ದಂಟು ಬಿಡಿಸಿ ಎಲೆ ಮಾತ್ರ ಹಾಕಬೇಕು. ನೀರು ಹೆಚ್ಚಿರೋದು ದಂಟಿನಲ್ಲಿ.
- ಈರುಳ್ಳಿ, ಮೆಣಸಿನಕಾಯಿ, ಕರಿಬೇವನ್ನ ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಪೂರ್ತಿ ಆರಿದ ಮೇಲೆ ಹಾಕಬೇಕು. ಬಿಸಿ ಇರುವಾಗಲೇ ಹಾಕಿದರೆ ಯೀಸ್ಟ್‌ಗೂ ಕಷ್ಟ.
- ಹಿಟ್ಟು ಕಲಸುವಾಗ ನೀರು 160 ಎಂ.ಎಲ್.ನಿಂದ ಶುರು ಮಾಡಿ, ಬೇಕೆನಿಸಿದರೆ ಮಾತ್ರ ಚಮಚ ಚಮಚವಾಗಿ ಸೇರಿಸಬೇಕು.

ವಿಡಿಯೊದಲ್ಲಿ ಕೇಳೋ ‘ಒರೆಗಾನೊ’ಗೆ ಹಿತ್ತಿಲಲ್ಲೇ ಉತ್ತರ ಇದೆ. ಅದೇ ದೊಡ್ಡಪತ್ರೆ. ಒರೆಗಾನೊಗೆ ಘಮ ಕೊಡೋ ಕಾರ್ವಕ್ರಾಲ್ ಅನ್ನೋ ಎಣ್ಣೆ ಅಂಶ ದೊಡ್ಡಪತ್ರೆಯಲ್ಲೂ ಇದೆ. ಮೂರ್ನಾಲ್ಕು ಎಲೆ ಸಣ್ಣಗೆ ಹೆಚ್ಚಿ ಹಾಕಿದರೆ ಸಾಕು, ಹೆಚ್ಚಾದರೆ ಕಷಾಯದ ವಾಸನೆ. ಥೈಮ್ ಬದಲು ಚಿಟಿಕೆ ಓಮ ಉಜ್ಜಿ ಹಾಕಬಹುದು. ಎರಡರಲ್ಲೂ ಥೈಮಾಲ್ ಅನ್ನೋ ಒಂದೇ ಅಂಶ ಇದೆ.

ಚೀಸೋ, ಪನೀರೋ?

ಎರಡೂ ಹಾಲಿನದೇ, ಆದರೆ ಬಿಸಿಗೆ ನಡೆದುಕೊಳ್ಳೋದು ಬೇರೆ ಬೇರೆ.

ಪ್ರಾಸೆಸ್ಡ್ ಚೀಸ್: ಕ್ಯೂಬ್, ಸ್ಲೈಸ್ ರೂಪದಲ್ಲಿ ಸಿಗೋದು. ಎಣ್ಣೆ ಬೇರೆಯಾಗದ ಹಾಗೆ ಒಂದೇ ಸಮ ಕರಗುತ್ತೆ. ಉಪ್ಪು ಮೊದಲೇ ಇರುತ್ತೆ, ಹಿಟ್ಟಿನ ಉಪ್ಪು ಕಮ್ಮಿ ಮಾಡಬೇಕು.

ಮೊಜರೆಲ್ಲಾ: ಪಿಜ್ಜಾ ಮೇಲೆ ಎಳೆಎಳೆಯಾಗಿ ಬರೋದು. ನೀರಿನಂಶ ಜಾಸ್ತಿ. ಬ್ರೆಡ್ ಒಳಗೆ ಹಾಕೋದಕ್ಕಿಂತ ಮೇಲೆ ಉದುರಿಸೋದು ವಾಸಿ.

ಪನೀರ್: ಕರಗಲ್ಲ. ಹಾಲನ್ನ ಬಿಸಿ ಮಾಡಿ ಹುಳಿ ಹಾಕಿ ಒಡೆಸಿದಾಗ ಅದರ ಪ್ರೋಟೀನ್ ಬಿಗಿಯಾಗಿ ಕಟ್ಟಿಕೊಳ್ಳುತ್ತೆ, ಆಮೇಲೆ ಎಷ್ಟು ಕಾಯಿಸಿದರೂ ಬಿಡಲ್ಲ. ಬ್ರೆಡ್‌ನಲ್ಲಿ ಬೆಳ್ಳಗೆ ಮೆತ್ತನೆ ತುಣುಕಾಗಿ ಉಳಿಯುತ್ತೆ. ಹಾಕೋ ಮೊದಲು ಬಟ್ಟೆಯಲ್ಲಿ ಸುತ್ತಿ ಭಾರ ಇಟ್ಟು ನೀರು ಇಳಿಸಬೇಕು.

ಮನೆಯಲ್ಲೇ ಹಾಲು ಒಡೆಸಿ ಪನೀರ್ ಮಾಡುವವರಿಗೆ ಒಂದು ಲಾಭ ಇದೆ. ಒಂದು ಲೀಟರ್ ಹಾಲಿಗೆ ಸುಮಾರು 150ರಿಂದ 200 ಗ್ರಾಂ ಪನೀರ್ ಬರುತ್ತೆ, ಉಳಿದದ್ದು ಹಸಿರು ಛಾಯೆಯ ತಿಳಿ ನೀರು. ಅದನ್ನ ಚೆಲ್ಲಬಾರದು. ಉಗುರು ಬೆಚ್ಚಗಾದ ಮೇಲೆ ಹಿಟ್ಟು ಕಲಸೋಕೆ ನೀರಿನ ಬದಲು ಅದನ್ನೇ ಹಾಕಿದರೆ ಬ್ರೆಡ್ ಮೆತ್ತಗೆ ಬರುತ್ತೆ, ಮೇಲೆ ಬಣ್ಣವೂ ಚೆನ್ನಾಗಿ ಕೂರುತ್ತೆ.

ಸಸ್ಯಾಹಾರಿಗಳು ಚೀಸ್ ತಗೊಳ್ಳುವಾಗ ಹಸಿರು ಚುಕ್ಕೆ ನೋಡಬೇಕು. ಚೀಸ್ ಮಾಡೋಕೆ ಹಾಲು ಹೆಪ್ಪಾಗಿಸೋ ರೆನೆಟ್ ಬೇಕು. ಹೊರದೇಶದ ಕೆಲವು ಚೀಸ್‌ಗಳಲ್ಲಿ ಅದು ಕರುವಿನ ಹೊಟ್ಟೆಯಿಂದ ಬಂದಿರುತ್ತೆ. ಹಸಿರು ಚುಕ್ಕೆ ಇದ್ದರೆ ಆ ಚಿಂತೆ ಇಲ್ಲ. ಬೆಲೆ ವಿಚಾರಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಚೀಸ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಪ್ಯಾಕ್ ಮಾಡಿದ ಪನೀರ್‌ಗೆ ತೆರಿಗೆಯೇ ಇಲ್ಲ.

ಮಾಡೋ ವಿಧಾನ

1. ಮೈದಾ, ಯೀಸ್ಟ್, ಸಕ್ಕರೆ ಬೆರೆಸಿ, ಆಮೇಲೆ ಉಪ್ಪು ಸೇರಿಸಿ. ಯೀಸ್ಟ್ ಮೇಲೆ ನೇರ ಉಪ್ಪು ಸುರಿಯಬಾರದು.

2. ಬೆಚ್ಚಗಿನ ನೀರು ಹಾಕಿ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಎಣ್ಣೆ ಅಥವಾ ಬೆಣ್ಣೆ ಹಾಕಿ ಚೆನ್ನಾಗಿ ನಾದಿ.

3. ಕೊನೆಯಲ್ಲಿ ಸೊಪ್ಪು, ಆರಿದ ಈರುಳ್ಳಿ ಒಗ್ಗರಣೆ ಹಾಕಿ ಎರಡು ನಿಮಿಷ ಬೆರೆಸಿ. ಮೊದಲೇ ಹಾಕಿದರೆ ಸೊಪ್ಪು ಜಜ್ಜಿ ನೀರು ಬಿಡುತ್ತೆ, ಹಿಟ್ಟೆಲ್ಲ ಹಸಿರಾಗುತ್ತೆ.

4. ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. ಒಂದಕ್ಕೆ ಎರಡಷ್ಟಾಗೋ ತನಕ ಬಿಡಿ.

5. ಕೈಯಲ್ಲಿ ಮೆಲ್ಲಗೆ ಒತ್ತಿ ಗಾಳಿ ತೆಗೆದು, ಟಿನ್ನಿನ ಉದ್ದದ ಅಗಲಕ್ಕೆ ಚೌಕವಾಗಿ ತಟ್ಟಿ. ಮೇಲೆ ಚೀಸ್ ಅಥವಾ ಪನೀರ್ ಹರಡಿ, ಚಾಪೆ ಸುತ್ತೋ ಹಾಗೆ ಬಿಗಿಯಾಗಿ ಸುತ್ತಿ. ಅಂಚು ಚಿವುಟಿ ಮುಚ್ಚಿ. ಬಾಯಿ ಬಿಟ್ಟರೆ ಚೀಸ್ ಹೊರಗೆ ಹರಿದು ತಳ ಹಿಡಿಯುತ್ತೆ.

6. ಎಣ್ಣೆ ಸವರಿದ ಟಿನ್‌ನಲ್ಲಿಟ್ಟು ಮತ್ತೆ 30–45 ನಿಮಿಷ ಬಿಡಿ. ಬೆರಳಲ್ಲಿ ಒತ್ತಿದರೆ ಗುಳಿ ನಿಧಾನಕ್ಕೆ ಮೇಲೆ ಬರಬೇಕು. ಪಟ್ ಅಂತ ಬಂದರೆ ಇನ್ನೂ ಹೊತ್ತು ಬೇಕು. ಬರದೇ ಇದ್ದರೆ ಹೊತ್ತು ಮೀರಿದೆ, ತಕ್ಷಣ ಓವನ್‌ಗೆ ಇಡಿ.

7. ಮೇಲೆ ಹಾಲು ಸವರಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿಗೆ 30ರಿಂದ 35 ನಿಮಿಷ ಬೇಯಿಸಿ. ತಳ ತಟ್ಟಿದರೆ ಟೊಳ್ಳು ಶಬ್ದ ಬರಬೇಕು.

8. ಟಿನ್‌ನಿಂದ ತೆಗೆದು ಜಾಲರಿ ಮೇಲೆ ಒಂದು ಗಂಟೆ ಆರಿಸಿ. ಬಿಸಿಯಲ್ಲೇ ಕುಯ್ದರೆ ಬೆಂದ ಬ್ರೆಡ್ಡೂ ಒಳಗೆ ಹಸಿ ಇದ್ದ ಹಾಗೆ ಅಂಟುತ್ತೆ.

ಓವನ್ ಇಲ್ಲದಿದ್ದರೆ?

ದಪ್ಪ ತಳದ ಹಳೇ ಪಾತ್ರೆಯಲ್ಲಿ ಒಂದಿಂಚು ಉಪ್ಪು ಅಥವಾ ಮರಳು ಹರಡಿ, ಮಧ್ಯೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಟಿನ್ ಒಳಗಿಟ್ಟು ಸಣ್ಣ ಉರಿಯಲ್ಲಿ 40–45 ನಿಮಿಷ ಬೇಯಿಸಬಹುದು. ಮೇಲ್ಭಾಗ ಕೆಂಪಾಗಲ್ಲ. ಬೇಕಾದರೆ ತಿರುಗಿಸಿ ಹಾಕಿ ತವಾ ಮೇಲೆ ಎರಡು ನಿಮಿಷ ಬಿಡಬಹುದು.

ಕುಕ್ಕರ್‌ನಲ್ಲೂ ಮಾಡ್ತಾರೆ. ಹಾಗೆ ಮಾಡೋದಾದರೆ ಗ್ಯಾಸ್ಕೆಟ್ಟು, ವೆಯ್ಟು ಎರಡೂ ತೆಗೆದಿರಬೇಕು. ಆದರೆ ನೀರಿಲ್ಲದೆ ಕಾಯಿಸಿದ ಕುಕ್ಕರ್ ಹಾಳಾಗೋ ಸಾಧ್ಯತೆ ಇದೆ. ದಿನಾ ಬೇಳೆ ಬೇಯಿಸೋ ಕುಕ್ಕರ್ ಅದಕ್ಕೆ ಬಳಸದಿರೋದು ಒಳ್ಳೇದು.

ಓವನ್ ತಗೊಳ್ಳೋರು ಪ್ಲಗ್ ನೋಡಬೇಕು. 1,500 ವಾಟ್ ಓವನ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತೆ. ಮೊಬೈಲ್ ಚಾರ್ಜ್ ಹಾಕೋ ಸಣ್ಣ ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್ ಅದಕ್ಕೆ ಸಾಲಲ್ಲ, ವೈರ್ ಕಾದು ಕರಗುತ್ತೆ. 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. ಒಂದು ಗಂಟೆ ಉರಿದರೆ ಹೆಚ್ಚೆಂದರೆ ಒಂದೂವರೆ ಯೂನಿಟ್. ಗೃಹಜ್ಯೋತಿ ಇರೋದು ಮನೆ ಬಳಕೆಗೆ ಮಾತ್ರ. ವ್ಯಾಪಾರ ದೊಡ್ಡದಾದರೆ ಸೆಸ್ಕ್ ಕಚೇರಿಯಲ್ಲಿ ಸಂಪರ್ಕದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳೋದು ಒಳ್ಳೇದು.

ಬ್ರೆಡ್ ಕೆಟ್ಟರೆ, ತಪ್ಪು ಎಲ್ಲಿ?

ಉಬ್ಬಲೇ ಇಲ್ಲ: ಯೀಸ್ಟ್ ಹಳೆಯದು, ಅಥವಾ ನೀರು ತುಂಬಾ ಬಿಸಿ.

ಮೇಲೆ ಕೆಂಪು, ಒಳಗೆ ಹಸಿ: ಸೊಪ್ಪಿನ ನೀರು, ಅಥವಾ ಓವನ್ ತುಂಬಾ ಬಿಸಿ. ಮೇಲೆ ಕೆಂಪಾದ ಮೇಲೆ ಫಾಯಿಲ್ ಮುಚ್ಚಿ ಇನ್ನೂ ಹತ್ತು ನಿಮಿಷ ಬಿಡಬೇಕು.

ಮಧ್ಯದಲ್ಲಿ ಕುಸಿದಿದೆ: ಎರಡನೇ ಸಲ ಹೆಚ್ಚು ಹೊತ್ತು ಬಿಟ್ಟಿದ್ದು. ಬೇಸಿಗೆಯಲ್ಲಿ ಇದೇ ಜಾಸ್ತಿ.

ಒಳಗೆ ದೊಡ್ಡ ತೂತು: ಸುತ್ತುವಾಗ ಬಿಗಿ ಸಾಲಲಿಲ್ಲ, ಅಥವಾ ಚೀಸ್ ಒಂದೇ ಕಡೆ ಗುಡ್ಡೆಯಾಗಿದೆ.

ಹುಳಿ, ಹೆಂಡದ ವಾಸನೆ: ಯೀಸ್ಟ್ ಜಾಸ್ತಿ, ಅಥವಾ ಮೊದಲ ಸಲವೇ ಹೊತ್ತು ಮೀರಿದೆ.

ಎಷ್ಟು ದಿನ ಇಡಬಹುದು?

ಇದು ಎಲ್ಲಕ್ಕಿಂತ ಮುಖ್ಯ. ಪನೀರ್, ಚೀಸ್, ಈರುಳ್ಳಿ, ಹಸಿ ಸೊಪ್ಪು ಇರೋ ಬ್ರೆಡ್ಡನ್ನ ಹೊರಗಿಟ್ಟರೆ ಅದೇ ದಿನ ಮುಗಿಸಬೇಕು. ಅಂಗಡಿ ಬ್ರೆಡ್ ನಾಲ್ಕು ದಿನ ಇರುತ್ತೆ, ಇದೂ ಇರುತ್ತೆ ಅನ್ನೋ ಲೆಕ್ಕ ತಪ್ಪು. ಕಾರ್ಖಾನೆ ಬ್ರೆಡ್‌ಗೆ ಬೂಷ್ಟು ತಡೆಯೋ ಸಂರಕ್ಷಕ ಹಾಕಿರ್ತಾರೆ, ಅದರಲ್ಲಿ ಹಸಿ ಸೊಪ್ಪೂ ಇರಲ್ಲ.

ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಬರುತ್ತೆ, ಆದರೆ ಬ್ರೆಡ್ ಬೇಗ ಬಿರುಸಾಗುತ್ತೆ. ಅದನ್ನ ತವಾ ಮೇಲೆ ಬಿಸಿ ಮಾಡಿ ತಿನ್ನಬೇಕು. ಹೆಚ್ಚು ದಿನಕ್ಕೆ ಬೇಕಾದರೆ ಪೂರ್ತಿ ಆರಿದ ಮೇಲೆ ಸ್ಲೈಸ್ ಮಾಡಿ, ಗಾಳಿಯಾಡದ ಕವರ್‌ನಲ್ಲಿ ಫ್ರೀಜರ್‌ಗೆ ಹಾಕೋದು ಸರಿ.

ಬಿಸಿ ಆರದ ಬ್ರೆಡ್ಡನ್ನ ಕವರ್‌ಗೆ ಹಾಕಲೇಬಾರದು. ಒಳಗೆ ಬೆವರು ಕಟ್ಟಿ ಬೂಷ್ಟು ಬೇಗ ಬರುತ್ತೆ. ಬೂಷ್ಟು ಒಂದು ಮೂಲೆಯಲ್ಲಿ ಕಂಡರೂ ಅದಷ್ಟನ್ನೇ ಕಿತ್ತು ಉಳಿದದ್ದು ತಿನ್ನಬಾರದು. ಕಣ್ಣಿಗೆ ಕಾಣದ ಬೇರು ಒಳಗೆ ಹೋಗಿರುತ್ತೆ.

ಬೇಸಿಗೆಯಲ್ಲಿ ಇನ್ನೊಂದು ಕಾಯಿಲೆ ಇದೆ. ಬ್ರೆಡ್ ಮುರಿದಾಗ ಒಳಗೆ ಜೇಡರ ಬಲೆಯಂಥ ಅಂಟು ನೂಲು, ಕೊಳೆತ ಹಣ್ಣಿನ ವಾಸನೆ. ಹಿಟ್ಟಿನಲ್ಲಿ ಬರೋ ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ ಇದು. ಅದರ ಬೀಜಕಣ ಓವನ್ ಬಿಸಿಗೂ ಸಾಯಲ್ಲ. ಹಿಟ್ಟಿಗೆ ಒಂದು ಚಮಚ ವಿನೆಗರ್ ಹಾಕೋದು, ಬ್ರೆಡ್ ಬೇಗ ಆರಿಸೋದು, ಪಾತ್ರೆಗಳನ್ನ ಚೆನ್ನಾಗಿ ತೊಳೆದು ಒಣಗಿಸೋದು ಇದಕ್ಕೆ ತಡೆ. ಕಂಡರೆ ಆ ಬ್ರೆಡ್ ಯಾರಿಗೂ ಕೊಡಬಾರದು.

ಮಾರೋದಾದ್ರೆ ಮೊದಲು ನೋಂದಣಿ

‘ಮನೆಯಲ್ಲಿ ಮಾಡ್ತೀವಿ, ಪರಿಚಯದವರಿಗೆ ಕೊಡ್ತೀವಿ, ನಮಗ್ಯಾಕೆ ಲೈಸೆನ್ಸ್’ ಅಂತ ಕೇಳೋರು ಇದ್ದಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ ದುಡ್ಡಿಗೆ ತಿಂಡಿ ಮಾರೋರು ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ವ್ಯಾಪ್ತಿಗೆ ಬರ್ತಾರೆ. ವರ್ಷದ ವಹಿವಾಟು ಸಣ್ಣದಿದ್ದರೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ನೋಂದಣಿ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿ ಹಾಕೋದು ಫಾಸ್ಕಾಸ್ ಪೋರ್ಟಲ್‌ನಲ್ಲಿ. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಇಟ್ಟುಕೊಂಡು ಕೂರಬೇಕು. ಸಿಗೋದು 14 ಅಂಕಿಯ ಸಂಖ್ಯೆ.

ಪ್ಯಾಕ್ ಮಾಡಿ ಅಂಗಡಿಗೆ ಕೊಡೋದಾದರೆ ಲೇಬಲ್ ಮೇಲೆ ಇರಬೇಕಾದ್ದು: ತಿಂಡಿಯ ಹೆಸರು, ಹಾಕಿದ ಪದಾರ್ಥಗಳು, ಹಸಿರು ಚುಕ್ಕೆ, ಗೋಧಿ ಮತ್ತು ಹಾಲು ಇದೆ ಅನ್ನೋ ಅಲರ್ಜಿ ಸೂಚನೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಯಾವಾಗಿನ ಒಳಗೆ ತಿನ್ನಬೇಕು, ತಯಾರಿಸಿದವರ ವಿಳಾಸ, ನೋಂದಣಿ ಸಂಖ್ಯೆ. ತೂಕವನ್ನ ಬ್ರೆಡ್ ಆರಿದ ಮೇಲೆ ಹಾಕಬೇಕು. ಬೇಯುವಾಗ ನೀರು ಆವಿಯಾಗಿ ತೂಕ ಇಳಿದಿರುತ್ತೆ.

‘ಬ್ರೆಡ್ ಇಂಪ್ರೂವರ್’ ಪುಡಿ ಹಾಕೋರು ಪ್ಯಾಕೆಟ್ ಓದಬೇಕು. ಬ್ರೆಡ್ ಉಬ್ಬಿಸೋಕೆ ಮೊದಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಅನ್ನು 2016ರಲ್ಲೇ ದೇಶದಲ್ಲಿ ನಿಷೇಧಿಸಲಾಗಿದೆ. ಬಿಡಿಯಾಗಿ, ಹೆಸರಿಲ್ಲದ ಕವರ್‌ನಲ್ಲಿ ಸಿಗೋ ಪುಡಿ ಬೇಡ. ಮನೆಯ ಬ್ರೆಡ್‌ಗೆ ಇಂಪ್ರೂವರ್ ಅಗತ್ಯವೂ ಇಲ್ಲ.

ಬೆಲೆ ಇಡೋದು ಹೇಗೆ?

ಮನೆಯಿಂದ ಮಾರೋರು ಸೋಲೋದು ರುಚಿಯಲ್ಲಿ ಅಲ್ಲ, ಲೆಕ್ಕದಲ್ಲಿ. ಲೆಕ್ಕ ಹಾಕೋ ರೀತಿ ತಿಳಿಯೋಕೆ ಒಂದು ಉದಾಹರಣೆ ನೋಡಿ. ದರ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತೆ, ಅವರವರ ಚೀಟಿ ನೋಡಿ ತುಂಬಿಕೊಳ್ಳಬೇಕು.

ಮೈದಾ 15 ರೂ., ಪನೀರ್ 34 ರೂ., ಎಣ್ಣೆ 4 ರೂ., ಯೀಸ್ಟ್ 5 ರೂ., ಸೊಪ್ಪು–ಈರುಳ್ಳಿ–ಮೆಣಸಿನಕಾಯಿ 8 ರೂ., ಕರೆಂಟ್ ಅಥವಾ ಗ್ಯಾಸ್ 8 ರೂ., ಕವರ್ ಮತ್ತು ಲೇಬಲ್ 4 ರೂ. ಅಂತ ಇಟ್ಟುಕೊಂಡರೆ ಒಂದು ಬ್ರೆಡ್‌ಗೆ 78 ರೂ. ಬಿತ್ತು.

ಹತ್ತು ಬ್ರೆಡ್ ಮಾಡಿ ಒಂದು ಉಳಿದುಹೋದರೆ? 780 ರೂಪಾಯಿಯನ್ನ ಒಂಬತ್ತರಿಂದ ಭಾಗಿಸಬೇಕು. ಒಂದಕ್ಕೆ ಸುಮಾರು 87 ರೂ. ಆಯ್ತು. ಇದರಲ್ಲಿ ಮಾಡಿದವರ ಕೂಲಿ ಇನ್ನೂ ಸೇರಿಲ್ಲ, ಅಂಗಡಿಯವರ ಕಮಿಷನ್ನೂ ಸೇರಿಲ್ಲ. ‘ನೂರು ರೂಪಾಯಿಗೆ ಕೊಟ್ಟರೆ 22 ರೂಪಾಯಿ ಲಾಭ’ ಅಂದುಕೊಂಡವರಿಗೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯದೆ ಇರೋದು ಇದಕ್ಕೇ. ಒಂದು ದಿನದ ಬಾಳಿಕೆಯ ತಿಂಡಿಗೆ ಮೊದಲೇ ಆರ್ಡರ್ ತಗೊಂಡು ಅಷ್ಟೇ ಮಾಡೋದು ಸುರಕ್ಷಿತ ದಾರಿ. ವಾರಕ್ಕೆ ಎರಡು ದಿನ ನಿಗದಿ ಮಾಡಿಕೊಂಡರೆ ಗಿರಾಕಿಗೂ ನೆನಪಿರುತ್ತೆ.

ಅಂಗಡಿಯವರು ಗಮನಿಸಬೇಕಾದ್ದು

- ಯೀಸ್ಟ್ ದೊಡ್ಡ ಪ್ಯಾಕ್ ಒಡೆದು ಸಣ್ಣ ಕವರ್‌ಗೆ ಕಟ್ಟಿ ಮಾರಿದರೆ ಗಾಳಿ, ತೇವ ತಗುಲಿ ಬೇಗ ಸಾಯುತ್ತೆ. ಸಣ್ಣ ಸೀಲ್ಡ್ ಪ್ಯಾಕೆಟ್ಟೇ ತರಿಸೋದು ವಾಸಿ. ಬಿಸಿಲು ಬೀಳೋ ಶೆಲ್ಫ್‌ನಲ್ಲಿ ಇಡಬಾರದು.
- ಕರೆಂಟ್ ಹೋದಾಗ ಫ್ರಿಜ್ ಬಾಗಿಲು ಪದೇಪದೇ ತೆಗೆಯಬಾರದು. ಮುಚ್ಚಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ಪನೀರ್ ಮಾರೋ ಮೊದಲು ಯೋಚಿಸಬೇಕು.
- ಮನೆಯಿಂದ ಬರೋ ಬ್ರೆಡ್ಡನ್ನ ನೋಂದಣಿ ಸಂಖ್ಯೆ, ದಿನಾಂಕ ಇಲ್ಲದೆ ಕೌಂಟರ್‌ನಲ್ಲಿ ಇಡಬಾರದು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಮೊದಲು ಕೇಳೋದು ಮಾರಿದ ಅಂಗಡಿಯನ್ನೇ.
- ಸರಕು ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಯಾರೂ ಮರೆತಿಲ್ಲ. ಮನೆ ದುಡ್ಡು, ವ್ಯಾಪಾರದ ದುಡ್ಡು ಒಂದೇ ಕ್ಯೂಆರ್ ಕೋಡ್‌ಗೆ ಬೀಳದ ಹಾಗೆ ನೋಡಿಕೊಂಡು, ಒಂದು ಪುಸ್ತಕದಲ್ಲಿ ಬರೆದಿಡೋದು ಒಳ್ಳೇದು.

ಕಲಿಯೋದು ಎಲ್ಲಿ?

ದೇಶಕ್ಕೇ ಬ್ರೆಡ್, ಹಿಟ್ಟಿನ ವಿಜ್ಞಾನ ಕಲಿಸೋ ಸಂಸ್ಥೆ ಪಕ್ಕದಲ್ಲೇ ಇದೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟಿನ ಗಿರಣಿ, ಬೇಕರಿ ತಂತ್ರಜ್ಞಾನಕ್ಕೇ ಪ್ರತ್ಯೇಕ ವಿಭಾಗ ಇದೆ. ಅಲ್ಪಾವಧಿ ತರಬೇತಿಗಳನ್ನೂ ನಡೆಸುತ್ತೆ. ಶುಲ್ಕ, ದಿನಾಂಕ ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಂಡು ಹೋಗಬೇಕು. ನಂಜನಗೂಡು, ತಿ.ನರಸೀಪುರ ಎರಡೂ ಕಡೆಯವರಿಗೆ ಹತ್ತಿರ ಬೀಳೋ ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಇದೆ. ಬೆಳೆದದ್ದನ್ನ ತಿಂಡಿ–ತಿನಿಸಾಗಿ ಮಾಡಿ ಮಾರೋ ತರಬೇತಿ ಯಾವಾಗ ಇದೆ ಅಂತ ಅಲ್ಲಿ ವಿಚಾರಿಸಬಹುದು. ಸ್ತ್ರೀಶಕ್ತಿ ಸಂಘದವರು ಒಟ್ಟಾಗಿ ಕೇಳಿದರೆ ಇನ್ನೂ ಅನುಕೂಲ.

ಮೊದಲ ಸಲ ಮಾಡೋರು ಒಂದೇ ಬ್ರೆಡ್ ಮಾಡಲಿ, ಪನೀರ್ ಬಿಟ್ಟು ಸಬ್ಸಿಗೆ ಸೊಪ್ಪು ಮಾತ್ರ ಹಾಕಲಿ. ಅದು ಸರಿ ಬಂದ ಮೇಲೆ ಚೀಸ್. ಮನೆಯವರು ಮೂರು ಸಲ ಕೇಳಿ ತಿಂದ ಮೇಲೆ ಪಕ್ಕದ ಮನೆ. ಅಂಗಡಿ ಕೌಂಟರ್ ಅದಕ್ಕೂ ಆಮೇಲೆ.